ಸಂಪುಟದಲ್ಲಿಲ್ಲ, ಸರ್ಕಾರದಲ್ಲಿದೆ

ಮಾನ್ಯರೇ,

ಕಟ್ಟಾ ಬಲಪಂಥೀಯ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷಕ್ಕೆ ಒಂದೂ ಸಚಿವ ಸ್ಥಾನ ಸಿಗಲಿಲ್ಲವಾದ್ದರಿಂದ ಅದನ್ನು ಅಧಿಕಾರದಿಂದ ದೂರವಿಟ್ಟಂತಾಯಿತು ಎಂಬ ವಾದ ಆಗಾಗ ಕೇಳಿಬರುತ್ತದೆ. ಲೆಕ್ಕ ನೋಡಿದರೆ ಇದು ನಿಲ್ಲುವುದಿಲ್ಲ. 2022ರ ಚುನಾವಣೆಯಲ್ಲಿ 349 ಸ್ಥಾನಗಳ ಪೈಕಿ ಆ ಪಕ್ಷ 73 ಗೆದ್ದಿತು. ಪ್ರಧಾನಿಯಾದ ಉಲ್ಫ್ ಕ್ರಿಸ್ಟರ್‌ಸನ್ ಅವರ ಮಾಡರೇಟ್ ಪಕ್ಷ ಗೆದ್ದದ್ದು 68. ಸಂಪುಟದಲ್ಲಿರುವ ಕ್ರಿಶ್ಚಿಯನ್ ಡೆಮಾಕ್ರಾಟರ 19, ಲಿಬರಲರ 16 ಕೂಡಿಸಿದರೂ 103 ಮಾತ್ರ. ಹೊರಗಿರುವ 73 ಸೇರಿದಾಗಲೇ 176, ವಿರೋಧಿಗಳು 173. ಈ ಕಡೆಯ ಇಬ್ಬರು ಆ ಕಡೆ ಮತ ಹಾಕಿದರೆ ಸರ್ಕಾರ ಬಿತ್ತು.

ನಮ್ಮಲ್ಲಿ ವಿಶ್ವಾಸಮತ ಗೆಲ್ಲಲು ಪರ ಮತಗಳು ಹೆಚ್ಚಿರಬೇಕು. ಸ್ವೀಡನ್ನಿನಲ್ಲಿ ಎಣಿಸುವುದು ವಿರೋಧ ಮತಗಳನ್ನು. ಸ್ಪೀಕರ್ ಸೂಚಿಸಿದ ಅಭ್ಯರ್ಥಿಯ ವಿರುದ್ಧ 175 ಮತ ಬೀಳದಿದ್ದರೆ ಅವರೇ ಪ್ರಧಾನಿ. 2021ರ ನವೆಂಬರ್‌ನಲ್ಲಿ ಸೋಶಿಯಲ್ ಡೆಮಾಕ್ರಾಟ್ ಪಕ್ಷದ ಮ್ಯಾಗ್ಡಲೀನಾ ಆಂಡರ್‌ಸನ್‌ಗೆ ಬಿದ್ದ ಪರ ಮತ 117, ವಿರೋಧ 174. ಆದರೂ ಆಯ್ಕೆಯಾದರು! ಆದರೆ ಬಜೆಟ್‌ಗೆ ಈ ರಿಯಾಯಿತಿ ಇಲ್ಲ: ವಿರೋಧ ಪಕ್ಷಗಳೂ ಪರ್ಯಾಯ ಬಜೆಟ್ ಮಂಡಿಸಬಹುದು, ಹೆಚ್ಚು ಮತ ಪಡೆದದ್ದು ಜಾರಿಗೆ ಬರುತ್ತದೆ. ಅದೇ ದಿನ ಸ್ವೀಡನ್ ಡೆಮಾಕ್ರಾಟ್ಸ್ ಕೂಡ ಸೇರಿ ರೂಪಿಸಿದ್ದ ವಿರೋಧಿಗಳ ಬಜೆಟ್ ಗೆದ್ದಿತು, ಗ್ರೀನ್ ಪಕ್ಷ ಸರ್ಕಾರದಿಂದ ಹೊರನಡೆಯಿತು, ಆಂಡರ್‌ಸನ್ ಕೆಲವೇ ಗಂಟೆಗಳಲ್ಲಿ ರಾಜೀನಾಮೆ ಕೊಟ್ಟರು. ಮರುವಾರ ಮತ್ತೆ ಪ್ರಧಾನಿಯಾದರು. ವಿರೋಧಿಗಳ ಬಜೆಟ್ ಇಟ್ಟುಕೊಂಡೇ ಆಡಳಿತ ನಡೆಸಬೇಕಾಯಿತು. ಹಾಗಾಗಿ ಅಲ್ಲಿ ಬೆಂಬಲಕ್ಕೆ ಬೆಲೆ ಕಟ್ಟುವುದು ಬಜೆಟ್ ಹೊತ್ತಿಗೆ.

ಆ ಬೆಲೆಯನ್ನು ಬರೆದಿಟ್ಟಿರುವುದು 2022ರ ಅಕ್ಟೋಬರ್ 14ರಂದು ಸಂಪುಟದ ಮೂರು ಪಕ್ಷಗಳು ಸ್ವೀಡನ್ ಡೆಮಾಕ್ರಾಟ್ಸ್ ಜೊತೆ ಮಾಡಿಕೊಂಡ ತೀಡೋ ಒಪ್ಪಂದದಲ್ಲಿ. ಅಪರಾಧ, ವಲಸೆ, ಇಂಧನ, ಆರೋಗ್ಯ, ಶಾಲೆ ಮುಂತಾದ ವಿಷಯಗಳಲ್ಲಿ ಸಂಪುಟದ ಹೊರಗಿನ ಪಕ್ಷಕ್ಕೂ ಒಳಗಿನವರಷ್ಟೇ ಹಕ್ಕು. ಮಸೂದೆ ಸಂಸತ್ತಿಗೆ ಬರುವ ಮುನ್ನವೇ ಕರಡನ್ನು ತಿದ್ದಲು ಸರ್ಕಾರಿ ಕಚೇರಿಯಲ್ಲಿ ಆ ಪಕ್ಷದ ರಾಜಕೀಯ ಅಧಿಕಾರಿಗಳಿಗೇ ಜಾಗ ಕೊಡಲಾಗಿದೆ. 1997ರಲ್ಲಿ ದೇವೇಗೌಡರ ಸರ್ಕಾರವನ್ನು ಬೀಳಿಸಿದ ಕಾಂಗ್ರೆಸ್ಸಿಗೆ ಬೆಂಬಲ ಹಿಂತೆಗೆಯುವ ಒಂದೇ ಅಸ್ತ್ರವಿತ್ತು. ಇಲ್ಲಿ ಬೆದರಿಕೆಯ ಅಗತ್ಯವೇ ಬೀಳದಂತೆ ದಿನನಿತ್ಯದ ವ್ಯವಸ್ಥೆಯಿದೆ.

ಫಲವೂ ಕಾಣುತ್ತಿದೆ. ವಿಶ್ವಸಂಸ್ಥೆಯ ಮೂಲಕ ವರ್ಷಕ್ಕೆ 5,000 ನಿರಾಶ್ರಿತರನ್ನು ಕರೆಸಿಕೊಳ್ಳುತ್ತಿದ್ದ ದೇಶ ಅದನ್ನು 900ಕ್ಕೆ ಇಳಿಸಿತು. ಕೆಲಸದ ಪರವಾನಗಿಗೆ ಬೇಕಾದ ಕನಿಷ್ಠ ತಿಂಗಳ ಸಂಬಳ 2023ರ ನವೆಂಬರ್ 1ರಿಂದ 13,000 ಕ್ರೋನಾದಿಂದ 27,360ಕ್ಕೆ ಏರಿತು. ಬೆಂಗಳೂರಿನಿಂದ ಹೋಗುವ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಸಂಬಳ ಸಾಮಾನ್ಯವಾಗಿ ಇದಕ್ಕಿಂತ ಮೇಲೆಯೇ. ಪೆಟ್ಟು ಹೋಟೆಲ್, ಸ್ವಚ್ಛತೆಯಂಥ ಕೆಲಸದವರಿಗೆ.

ಒಪ್ಪಂದದ ಹೊರಗೆ ಮಾತ್ರ ಕೂಟ ಒಡೆಯುತ್ತದೆ. 2024ರ ಏಪ್ರಿಲ್‌ನಲ್ಲಿ ದಾಖಲೆಗಳಲ್ಲಿ ಲಿಂಗ ಬದಲಾವಣೆಯನ್ನು ಸುಲಭಗೊಳಿಸುವ ಕಾನೂನನ್ನು ಮಾಡರೇಟರೂ ಲಿಬರಲರೂ ವಿರೋಧ ಪಕ್ಷಗಳ ಜೊತೆ ಸೇರಿ 234–94ರಿಂದ ಪಾಸು ಮಾಡಿದರು. ಸ್ವೀಡನ್ ಡೆಮಾಕ್ರಾಟ್ಸ್ ಸೋತಿತು.

ನಮಗೆ ಆಕ್ಷೇಪಾರ್ಹವೆನಿಸುವುದು ಹೊಣೆಗಾರಿಕೆಯ ವಿಷಯ. ಅಲ್ಲಿನ ಸಂಸತ್ತು ಅವಿಶ್ವಾಸ ಮಂಡಿಸಬಹುದಾದದ್ದು ಸಚಿವರ ಮೇಲೆ. ಸಂವಿಧಾನ ಸಮಿತಿ ಕರೆದು ಪ್ರಶ್ನಿಸುವುದೂ ಮುಖ್ಯವಾಗಿ ಅವರ ಕೆಲಸವನ್ನೇ. ಕರಡು ತಿದ್ದಿದ ಪಕ್ಷದ ನಾಯಕ ಯಿಮ್ಮಿ ಓಕೆಸನ್ ಸಚಿವರಲ್ಲವಾದ್ದರಿಂದ ಅವರ ಮೇಲೆ ಅವಿಶ್ವಾಸ ಮಂಡಿಸಲು ಬರುವುದಿಲ್ಲ. ಅವರನ್ನು ಸಂಪುಟಕ್ಕೆ ಸೇರಿಸಿಕೊಂಡಿದ್ದರೆ ಕನಿಷ್ಠ ಅದಾದರೂ ಸಾಧ್ಯವಿತ್ತು.