ಹೆಸರಿನ ಪಟ್ಟಿಯಲ್ಲಿ ಫಕ್ಕೀರಪ್ಪ ಯಾಕಿಲ್ಲ?

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮಕ್ಕಳಿಗೆ ಇಡಬಹುದಾದ ಹೆಸರುಗಳ ದೊಡ್ಡ ಪಟ್ಟಿ ಹಾಕಿದ್ದೀರಿ, ಎದುರಿಗೆ ಅರ್ಥ. ನನ್ನ ಸೊಸೆ ತುಂಬು ಬಸುರಿ, ಹಾಗಾಗಿ ಮನೆಮಂದಿಯೆಲ್ಲ ಕೂತು ಓದಿದೆವು. ಕಿಯಾರಾ ಎಂಬ ಹೆಸರಿನ ಮುಂದೆ 'ದೇವರ ಅಮೂಲ್ಯ ಕೊಡುಗೆ' ಎಂದಿದೆ. ಯಾವ ಭಾಷೆಯಲ್ಲಿ? ಇಟಲಿಯವರ ಕಿಯಾರಾ ಲ್ಯಾಟಿನ್ನಿನಿಂದ ಬಂದದ್ದು. ಬೆಳಗುವವಳು, ತಿಳಿಯಾದವಳು ಎಂದರ್ಥ. ಐರ್ಲೆಂಡಿನಲ್ಲಿ ಇದಕ್ಕೆ ಹತ್ತಿರದ ಹೆಸರೊಂದಿದೆ, ಅದಕ್ಕೆ ಕಪ್ಪು ಕೂದಲಿನವಳು ಎಂದರ್ಥ. ಎರಡರಲ್ಲೂ ದೇವರೂ ಇಲ್ಲ, ಕೊಡುಗೆಯೂ ಇಲ್ಲ. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದುಕೊಂಡರೆ ಹೀಗೇ ಆಗೋದು. ಸೊಸೆಗೆ ಆ ಹೆಸರು ಈಗಲೂ ಇಷ್ಟ. ಇಡಲಿ, ನನ್ನ ಅಡ್ಡಿಯಿಲ್ಲ.

ನನ್ನ ತಕರಾರು ಬೇರೆ. ಅಷ್ಟುದ್ದದ ಪಟ್ಟಿಯಲ್ಲಿ ನಮ್ಮ ಗದಗ ಸೀಮೆಯ ಒಂದು ಹೆಸರೂ ಇಲ್ಲ.

ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ಶಿರಹಟ್ಟಿ ಕಡೆ ಒಂದೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ನಾಲ್ಕೈದು ಫಕ್ಕೀರಪ್ಪಗಳು. ಅಂಗಡಿ, ಬಡಿಗೇರ, ಉಳ್ಳಾಗಡ್ಡಿ ಎಂದು ಅಡ್ಡಹೆಸರು ಹಿಡಿದು ಕೂಗಬೇಕಿತ್ತು, ಇಲ್ಲಾಂದ್ರೆ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲೋರು. ಫಕೀರ ಅರಬ್ಬಿ ಮಾತು, ಅಪ್ಪ ನಮ್ಮದು. ಅಲ್ಲಿನ ಫಕ್ಕೀರೇಶ್ವರ ಮಠಕ್ಕೆ ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುತ್ತಾರೆ. ಮುಳಗುಂದದ ದಾವಲ್ ಮಲಿಕ್ ದರ್ಗಾಕ್ಕೂ ಹಾಗೇ. ಆ ಹರಕೆಯ ಮಕ್ಕಳು ದಾವಲಸಾಬ, ದಾವಲಪ್ಪ. ಕೊಪ್ಪಳ, ರಾಯಚೂರು ಕಡೆ ಮೊಹರಂನಲ್ಲಿ ಹಿಂದೂಗಳೂ ಸಕ್ಕರೆ ಓದಿಸಿ ಹರಕೆ ಹೊರುತ್ತಾರೆ, ಹುಟ್ಟಿದ ಮಗುವಿಗೆ ಹುಸೇನಪ್ಪ, ಹಸನಪ್ಪ ಎಂದು ಇಡುತ್ತಾರೆ. ಹಸನ್ ಅಂದರೆ ಅರಬ್ಬಿಯಲ್ಲಿ ಚೆಂದ, ಒಳ್ಳೆಯದು. ಅಂದಮೇಲೆ ನಮ್ಮ ಚೆನ್ನಪ್ಪನೂ ಆ ಹಸನಪ್ಪನೂ ಒಂದೇ ಆಯ್ತು, ಅಲ್ವಾ? ಇದನ್ನು ಅರ್ಥದ ಸಾಲಿನಲ್ಲಿ ಹಾಕಿದ್ದರೆ ಜನ ಎರಡು ಸಲ ಓದೋರು.

ಈಗ ಇಂಥ ಹೆಸರಿಡಲು ಜನ ಹಿಂಜರಿಯುತ್ತಾರೆ. ನನ್ನ ಹಳೇ ವಿದ್ಯಾರ್ಥಿ ಹುಸೇನಪ್ಪ ಮಗನನ್ನು ಒಂದು ಖಾಸಗಿ ಶಾಲೆಗೆ ಸೇರಿಸಲು ಹೋಗಿದ್ದ. ಗುಮಾಸ್ತರು ಫಾರ್ಮ್ ನೋಡಿ, 'ತಂದೆ ಹೆಸರು ಹುಸೇನಪ್ಪ, ಧರ್ಮ ಹಿಂದೂ. ಎರಡರಲ್ಲಿ ಒಂದು ತಪ್ಪಿದೆ, ತಿದ್ದಿ ಕೊಡಿ' ಎಂದರಂತೆ. ಆಧಾರ್ ತೋರಿಸಿದರೂ ಅವರ ನಗು ನಿಲ್ಲಲಿಲ್ಲವಂತೆ. ಮಗನ ಹೆಸರು ವಿಹಾನ್. 'ಅಕ್ಕೋರ, ನನ್ನ ಹೆಸರಿಗೇ ಇಷ್ಟು ವಿಚಾರಣೆ ಆತು. ಮಗಗೂ ಅಜ್ಜನ ಹೆಸರು ಇಟ್ಟಿದ್ರ ಗತಿ ಏನ್ರಿ?' ಎಂದ. ನಾನೇನು ಹೇಳಲಿ?

ಹಾಗಂತ ಹಳೆಯದೆಲ್ಲ ಉಳಿಯಲಿ ಅನ್ನೋಳು ನಾನಲ್ಲ. ಕೂಸುಗಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ, ಇದೊಂದಾದರೂ ಉಳಿಯಲಿ ಎಂದು ತಿಪ್ಪಣ್ಣ, ಕಲ್ಲಪ್ಪ ಎಂದು ಇಡುತ್ತಿದ್ದರು. ಅದರಲ್ಲಿ ಹೆತ್ತವಳ ಸಂಕಟ ಇದೆ. ಆದರೆ ಬರೀ ಹೆಣ್ಣೇ ಹುಟ್ಟುತ್ತಿವೆ ಎಂದು ಬೇಸತ್ತು ಇಟ್ಟ ಸಾಕವ್ವ ಹೋದರೆ ಹೋಗಲಿ. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕೂಸಾ', ಅಂದರೆ ಬೇಡವಾದವಳು, ಎಂದು ಹೆಸರಿದ್ದ 200ಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಒಳ್ಳೇ ಕೆಲಸ.

ಇನ್ನೊಂದು ಮಾತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ ಹೆಸರು ಬರೆಸಬೇಕು ಎಂದುಕೊಂಡು ಎಷ್ಟೋ ಜನ ಮೊಬೈಲ್ ತೆಗೆದು ಸಿಕ್ಕಿದ್ದನ್ನು ಇಟ್ಟುಬಿಡುತ್ತಾರೆ. ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಸರಿ. ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಅಷ್ಟರಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿ ಬೆನ್ನಿಗೆ ಗುದ್ದಿಸಿಕೊಂಡು, ಗುಗ್ಗರಿ ಹಂಚಿ ಮುಗಿದಿರುತ್ತದೆ. ಅಜ್ಜ ಅಜ್ಜಿಯನ್ನು ಒಂದು ಮಾತು ಕೇಳಲು ಬೇಕಾದಷ್ಟು ಸಮಯ ಇದೆ.

ಮುಂದಿನ ಸಲ ಪಟ್ಟಿ ಮಾಡುವಾಗ ಸುಮ್ನೆ ಇಂಟರ್ನೆಟ್ ನೋಡಬೇಡಿ. ನಿಮ್ಮ ಜಿಲ್ಲಾ ವರದಿಗಾರರಿಗೆ ಒಂದೊಂದು ಫೋನ್ ಮಾಡಿ. ಗದಗಿನದ್ದು ಬೇಕಿದ್ದರೆ ನಾನೇ ಅರ್ಥ ಸಮೇತ ಬರೆದು ಕಳಿಸುತ್ತೇನೆ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಗದಗ