ಟ್ರೋಫಿಗೆ ನಿನ್ನ ಹೆಬ್ಬೆರಳು ಬೇಕು

ಗೆಳೆಯಾ,

ನೀನು ಇಂಡಿಯಾನಾಪೊಲಿಸ್‌ನಿಂದ ಕಳಿಸಿದ ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ. ಯುಎಸ್ ನ್ಯಾಷನಲ್ಸ್ ಡ್ರ್ಯಾಗ್ ರೇಸ್ ಮುಗಿದ ಸಂಜೆ, ಗೆದ್ದವನೊಬ್ಬ ವಾಲಿ ಟ್ರೋಫಿಯನ್ನು ಮಗು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡಿದ್ದಾನೆ, ಕೆಳಗೆ ನೀನು "ನೋಡೋ ಇದನ್ನ" ಅಂತ ಬರೆದಿದ್ದೀಯ. ಆಗ ಒಂದು ಲೈಕ್ ಒತ್ತಿ ಸುಮ್ಮನಾಗಿದ್ದೆ. ಈಗ ಮೂರು ತಿಂಗಳಿಂದ ದಿನಾ ಅದನ್ನೇ ನೋಡುತ್ತಿದ್ದೇನೆ.

ವಿಷಯ ಏನಂದರೆ, ನಮ್ಮ ಹುಡುಗರು ಈ ವರ್ಷ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆಸುತ್ತಿದ್ದಾರೆ. ನಾಲ್ಕು ಮೀಟ್, ಏರ್‌ಸ್ಟ್ರಿಪ್ ಮೇಲೆ, ಇಬ್ಬಿಬ್ಬರು ಬೈಕಿನಲ್ಲಿ ನೆಟ್ಟಗೆ 402 ಮೀಟರ್ ಓಟ. ಟ್ರೋಫಿ ಮಾಡಿಕೊಡಣ್ಣ ಅಂತ ನನ್ನ ಶೆಡ್ಡಿಗೆ ಬಂದರು. ಅಂಗಡಿಯಿಂದ ತಂದ ಕಪ್ ಬೇಡವಂತೆ. ಅದು ನನಗೂ ಸರಿ ಅನ್ನಿಸಿತು. ಹೋದ ತಿಂಗಳು ನಿನ್ನ ಅಮ್ಮನನ್ನು ನೋಡಲು ಹೋಗಿದ್ದೆನಲ್ಲ, ಆಗ ಅಟ್ಟದ ಮೇಲೆ ನಿನ್ನ ಆರು ಕಪ್ಪುಗಳನ್ನು ನೋಡಿದೆ. ಎರಡರ ಹಿಡಿ ಮುರಿದಿದೆ, ಚಿನ್ನದ ಬಣ್ಣ ಹೋಗಿ ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣುತ್ತಿದೆ. ನೀನು ಅಷ್ಟು ಕಷ್ಟಪಟ್ಟು ಗೆದ್ದಿದ್ದು ಅದನ್ನಾ ಅಂತ ಹೊಟ್ಟೆ ಉರಿಯಿತು ಕಣೋ.

ಮೊದಲು ಬೈಕನ್ನೇ ಮಾಡಿದೆ. ಮುಂದಿನ ಚಕ್ರ ಎದ್ದಿರುವ ಹಾಗೆ, ಮೇಣದಲ್ಲಿ, ಹದಿನೈದು ದಿನ ಕೂತು. ಮೇಜಿನ ಮೇಲೆ ಇಟ್ಟು ನೋಡಿದರೆ ಜಾತ್ರೆಯಲ್ಲಿ ಮಾರುವ ಆಟಿಕೆ ಥರ ಇತ್ತು. ಅವತ್ತು ರಾತ್ರಿ ನಿನ್ನ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ವಾಲಿಯಲ್ಲಿ ಕಾರೇ ಇಲ್ಲ! ಒಬ್ಬ ಮನುಷ್ಯ, ಪಕ್ಕದಲ್ಲಿ ಒಂದು ದೊಡ್ಡ ಟೈರು, ಅಷ್ಟೇ. ವಾಲಿ ಅಂದ ಕೂಡಲೇ ಹುಡುಗರಿಗೆ ಸುಗ್ರೀವನ ಅಣ್ಣ ನೆನಪಾದ. ಆಮೇಲೆ ನಾನೇ ಹೇಳಿದೆ, ಇದು 1951ರಲ್ಲಿ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಕಟ್ಟಿದ ವಾಲಿ ಪಾರ್ಕ್ಸ್ ಹೆಸರು, ಟ್ರೋಫಿ ಕೊಡಲು ಶುರು ಮಾಡಿದ್ದು 1969ರಲ್ಲಿ ಅಂತ. ಆದರೆ ಬೊಂಬೆ ಅವರದ್ದಲ್ಲ. ಅದಕ್ಕೆ ಮಾದರಿಯಾಗಿ ನಿಂತವನು ಜ್ಯಾಕ್ ಜೋನ್ಸ್ ಅನ್ನುವ ಒಬ್ಬ ರೇಸರ್. ಹೆಸರು ಕಟ್ಟಿದವನದು, ಮೈ ಓಡಿಸಿದವನದು. ಇದು ನನಗೆ ತುಂಬಾ ಹಿಡಿಸಿತು.

ಹಾಗಾದರೆ ನಮ್ಮ ಟ್ರೋಫಿಯಲ್ಲಿ ಯಾರು ಇರಬೇಕು? ಒಂದು ಲೆಕ್ಕ ಹಾಕಿದೆ. ನಾಲ್ಕು ಮೀಟ್, ಒಂದೊಂದರಲ್ಲಿ ನಾಲ್ಕು ಓಟ, ಒಂದು ಓಟಕ್ಕೆ ಸುಮಾರು ಹತ್ತು ಸೆಕೆಂಡು. ಇಡೀ ವರ್ಷ ಗೆದ್ದವನು ನಿಜವಾಗಿ ಓಡುವುದು ಮೂರು ನಿಮಿಷವೂ ಇಲ್ಲ. ಉಳಿದದ್ದೆಲ್ಲ ಶೆಡ್ಡಿನಲ್ಲಿ, ಮೊಣಕಾಲೂರಿ. ಆಗ ನೀನೇ ಕಣ್ಣ ಮುಂದೆ ಬಂದೆ. ಗೇಜ್ ಹಾಕಿ ಗಾಳಿ ನೋಡಿದ ಮೇಲೂ ಹಿಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಡಗೈ ಹೆಬ್ಬೆರಳಿಂದ ರಬ್ಬರನ್ನು ಒತ್ತಿ, ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಇರುತ್ತಿದ್ದೆ. ಗಾಳಿ ಸ್ವಲ್ಪ ಜಾಸ್ತಿ ಇದ್ದರೆ ಚಕ್ರ ನಿಂತಲ್ಲೇ ಸುತ್ತುತ್ತದೆ, ಕಡಿಮೆ ಆದರೆ ಬೈಕು ಹಾವಿನ ಹಾಗೆ ಓಲಾಡುತ್ತದೆ. ಓಟ ಗೆಲ್ಲುವುದು ಸೋಲುವುದು ಮೊದಲ 60 ಅಡಿಯಲ್ಲೇ, ಅದು ನಿನ್ನ ಹೆಬ್ಬೆರಳಿಗೆ ಗೊತ್ತಿತ್ತು.

ಹಾಗೆ ಕೂತ ನಿನ್ನನ್ನೇ ಮಾಡಿದೆ. ನಾಗಮಂಗಲದಲ್ಲಿ ಎರಕ ಹೊಯ್ಯುವ ಒಬ್ಬ ಯಜಮಾನರ ಹತ್ತಿರ ತಗೊಂಡು ಹೋದೆ. ಜೇನುಮೇಣಕ್ಕೆ ರಾಳ ಬೆರೆಸಿದ ಬೊಂಬೆ, ಅದರ ಮೇಲೆ ನಯವಾದ ಮಣ್ಣು, ಆಮೇಲೆ ದಪ್ಪ ಮಣ್ಣು, ಮೇಲೆ ತಂತಿ ಸುತ್ತಿ ಒಣಗಿಸಿದರು. ಮೇಣ ತೂಗಿದರು, 700 ಗ್ರಾಂ. "ಮೇಣದ ಒಂಬತ್ತು ಪಟ್ಟು ಹಿತ್ತಾಳೆ ಸ್ವಾಮಿ, ಮೇಲೆ ಒಂದಿಷ್ಟು ಕೈಯಲ್ಲಿರಬೇಕು" ಅಂದರು. ಅಚ್ಚನ್ನು ಕಾಯಿಸಿ ಮೇಣ ಇಳಿಸಿದಾಗ ಬಂದ ವಾಸನೆ ಇದೆಯಲ್ಲ, ದೇವಸ್ಥಾನದ ಗರ್ಭಗುಡಿ ನೆನಪಾಯಿತು. ಮೂಸೆಯಿಂದ ಲೋಹ ಸುರಿಯುವಾಗ ಯಾರೂ ಮಾತಾಡಲಿಲ್ಲ.

ಮಾರನೇ ದಿನ ಅಚ್ಚು ಒಡೆದರೆ, ಟೈರು ಬಂದಿದೆ, ಬೆನ್ನು ಬಂದಿದೆ, ಹೆಲ್ಮೆಟ್ ಬಂದಿದೆ. ಹೆಬ್ಬೆರಳು ಮಾತ್ರ ಬಂದಿಲ್ಲ. ಅಲ್ಲಿ ಗಾಳಿ ಹೋಗಲು ದಾರಿ ಬಿಟ್ಟಿರಲಿಲ್ಲ, ಲೋಹ ಅಷ್ಟು ಸಣ್ಣ ಜಾಗಕ್ಕೆ ಹೋಗುವ ಮೊದಲೇ ತಣ್ಣಗಾಗಿತ್ತು. ಕಣ್ಣಲ್ಲಿ ನೀರು ಬಂತು. ಯಜಮಾನರು ಮಾತ್ರ ಆ ಮೊಂಡು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ನಿಮಗೆ ಬೇಕಾಗಿದ್ದು ಈ ಬೆರಳು ತಾನೇ? ಮತ್ತೆ ಇಷ್ಟು ದೊಡ್ಡ ಮನುಷ್ಯನನ್ನು ಯಾಕೆ ಮಾಡಿದಿರಿ?"

ಅಲ್ಲಿಗೆ ತೀರ್ಮಾನ ಆಯಿತು. ಬರೀ ಕೈ. ನಿಜವಾದ ಅಳತೆಯಲ್ಲಿ, ಮಣಿಕಟ್ಟಿನಿಂದ ಮುಂದಕ್ಕೆ, ಒಂದು ತುಂಡು ಟೈರನ್ನು ಒತ್ತುತ್ತಿರುವ ಕೈ. ಒತ್ತಿದ ಕಡೆ ರಬ್ಬರು ಒಳಗೆ ಹೋಗಿರಬೇಕು. ಅದೊಂದೇ ನನಗಿರುವ ಹಟ.

ಪೀಠಕ್ಕೆ ಒಂದು ಹಿತ್ತಾಳೆ ತಗಡು ಹಾಕುತ್ತೇನೆ, ಅದರ ಮೇಲೆ ಫೈನಲ್ ಓಟದ ಟೈಮ್ ಸ್ಲಿಪ್ಪನ್ನು, ಅಂದರೆ ಓಟದ ಸಮಯ ಅಚ್ಚಾದ ಚೀಟಿಯನ್ನು, ಇದ್ದ ಹಾಗೇ ಕೊರೆಸುತ್ತೇನೆ. ಆ ಚೀಟಿ ಬಿಸಿಗೆ ಅಚ್ಚಾಗುವ ಕಾಗದ, ಬಸ್ ಟಿಕೆಟ್ ಥರ, ಕೆಲವು ವರ್ಷಕ್ಕೆ ಅಕ್ಷರವೆಲ್ಲ ಮಾಸಿಹೋಗುತ್ತದೆ. ನಿನ್ನ ಆ ಫೈನಲ್ ಚೀಟಿ ಈಗ ಬರೀ ಹಳದಿ ಕಾಗದ ಆಗಿದೆ ಅಂದಿದ್ದೆ ಅಲ್ವಾ? ಅಂಕಿ ನನ್ನ ಶೆಡ್ಡಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಇನ್ನೂ ಇದೆ. ನಿನ್ನ ಎದುರಾಳಿ 10.10 ಸೆಕೆಂಡು, ನೀನು 10.20. ಓಡಿದ್ದು ಅವನೇ ಜೋರು. ಆದರೆ ಹಸಿರು ದೀಪ ಬಂದ ಮೇಲೆ ಅವನು ಹೊರಡಲು 0.210 ತಗೊಂಡ, ನೀನು 0.060. ಕೂಡಿದರೆ 10.31ಕ್ಕೆ 10.26. ಬರೀ ಓಟದ ಟೈಮು ಬರೆದಿಟ್ಟರೆ ನಾಳೆ ನೋಡಿದವರು ನೀನು ಸೋತೆ ಅಂದುಕೊಳ್ಳುತ್ತಾರೆ. ಅದಕ್ಕೇ ಎರಡೂ ಅಂಕಿ ಇರಲೇಬೇಕು.

ಹುಡುಗರು ಮೊನ್ನೆ ಮೇಣದ ಕೈ ನೋಡಲು ಬಂದಿದ್ದರು. ಅವರ ಬಾಯಲ್ಲಿ ಯಾವಾಗಲೂ ಹೇಮಂತ್ ಮುದ್ದಪ್ಪ, ನಮ್ಮ ಬೆಂಗಳೂರಿನವರೇ ಮತ್ತೆ ಮತ್ತೆ ನ್ಯಾಷನಲ್ ಚಾಂಪಿಯನ್ ಆದರಲ್ಲ ಅಂತ ಅವರಿಗೆ ಹೆಮ್ಮೆ. ಅದರಲ್ಲಿ ಇಬ್ಬರು ಹೋದ ವರ್ಷದವರೆಗೆ ರಾತ್ರಿ ರಿಂಗ್ ರೋಡಿನಲ್ಲಿ ಓಡಿಸುತ್ತಿದ್ದವರು. ಒಬ್ಬ ಏನೂ ಹೇಳದೆ ಆ ಮೇಣದ ಬೆರಳ ಪಕ್ಕ ತನ್ನ ಬೆರಳು ಇಟ್ಟು ನೋಡಿದ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಸದ್ಯಕ್ಕೆ ಆ ಮೇಣದ ಬೆರಳು ನನ್ನದು, ನನ್ನ ಉಗುರು ನೆಟ್ಟಗಿದೆ. ನಿನ್ನದು ಚೈನಿಗೆ ಸಿಕ್ಕಿ ಅಡ್ಡ ಸೀಳಿ, ಆಮೇಲೆ ಒಂದು ಕಡೆ ಉಬ್ಬಿ ಬೆಳೆಯಿತಲ್ಲ, ನನಗೆ ಅದೇ ಬೇಕು. ಎಡಗೈ ಹೆಬ್ಬೆರಳನ್ನು ಯಾವುದಾದರೂ ಟೈರಿಗೆ ಗಟ್ಟಿಯಾಗಿ ಒತ್ತಿ, ಅಳತೆಗೆ ಪಕ್ಕದಲ್ಲಿ ಅಲ್ಲಿನ ಒಂದು ಕ್ವಾರ್ಟರ್ ನಾಣ್ಯ ಇಟ್ಟು, ಮೇಲಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗಿ. ಬೆಳಗಿನ ಬಿಸಿಲಲ್ಲಿ ತೆಗಿ, ಫ್ಲ್ಯಾಶ್ ಬೇಡ. ಭಾನುವಾರದೊಳಗೆ ಕಳಿಸು. ಸೋಮವಾರ ಯಜಮಾನರು ಮಣ್ಣು ಕಲಸುತ್ತಾರೆ.

ಅಮ್ಮ ಚೆನ್ನಾಗಿದ್ದಾರೆ. ಹುರಳಿಕಾಳು ಸಾರು ಮಾಡಿ ಬಡಿಸಿದರು.

ನಿನ್ನ
ಶೆಡ್ಡಿನ ಗೆಳೆಯ