ಇಂಜಿನ್ ಚಾಲೂ ಆಯಿತು, ಅಪ್ಪನಿಗೆ ಹೇಳಿಲ್ಲ

ದೋಸ್ತ,

ನಮ್ಮ ಬೋಟ್ ಓಡುತ್ತಿದೆ! ಹಳೆ ಬೋಟ್ ಇಟ್ಟುಕೊಂಡ ಬೇರೆಯವರಿಗೂ ಉಪಯೋಗ ಆಗಲಿ ಅಂತ ಎಲ್ಲರೆದುರೇ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೊದಲು ಇಂಜಿನ್ ಕೂರುವ ಹಿಂದಿನ ಹಲಗೆ. ಹೊರಗಿನ ಫೈಬರ್ ಚೆನ್ನಾಗೇ ಕಾಣುತ್ತಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಮಾತ್ರ ಬೋಲ್ಟಿನ ಸುತ್ತ ದಬ್ ದಬ್ ಸದ್ದು. ಕೊರೆದು ನೋಡಿದರೆ ಒಳಗಿನ ಪ್ಲೈವುಡ್ ನೆನೆಸಿದ ಅವಲಕ್ಕಿಯಂತೆ ಕೈಗೆ ಬಂತು. ಎಲ್ಲ ಕೆರೆದು, ಒಣಗಿಸಿ, ಹೊಸ ಮರೈನ್ ಪ್ಲೈ ಕೂರಿಸಿ ರೆಸಿನ್ ಹಾಕಿದೆ.

ಇಂಜಿನ್ ಮಾತ್ರ ಗೋಳು ಹೊಯ್ದುಕೊಂಡಿತು. ಡ್ರಮ್ಮಿನ ನೀರಲ್ಲಿ ಇಟ್ಟು ಹಗ್ಗ ಎಳೆದರೆ ಚಾಲೂ. ಹಿನ್ನೀರಿಗೆ ಒಯ್ದು ಜೋರು ಓಡಿಸಿದರೆ ಸ್ವಲ್ಪ ದೂರಕ್ಕೇ ಬಂದ್. ಪ್ಲಗ್ ಬದಲಿಸಿದೆ, ಕಾರ್ಬೋರೇಟರ್ ಬಿಚ್ಚಿ ಜೆಟ್ ತೊಳೆದೆ. ಕೂಲಿಂಗ್ ನೀರು ಸರಿಯಾಗೇ ಚಿಮ್ಮುತ್ತಿತ್ತು. ಕೊನೆಗೆ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬ್ ಮೇಲೆ ಕಣ್ಣು ಹೋಯಿತು. ಚಪ್ಪಟೆಯಾಗಿ ಅಂಟಿಕೊಂಡಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿಸಿದ ಕೂಡಲೇ ಸುಯ್ ಅಂತ ಗಾಳಿ ನುಗ್ಗಿ ಬಲ್ಬ್ ಉಬ್ಬಿತು. ಮುಚ್ಚಳದ ಗಾಳಿ ತೂತಿನಲ್ಲಿ ಒಣಗಿದ ಕೆಸರು! ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಪಂಪ್ ಎಷ್ಟು ಎಳೆದರೂ ಅಷ್ಟೇ. ನಿಂತಲ್ಲೇ ಮೆಲ್ಲಗೆ ಓಡುವಾಗ ಪೆಟ್ರೋಲ್ ಕಡಿಮೆ ಸಾಕು, ಅದಕ್ಕೇ ಡ್ರಮ್ಮಿನಲ್ಲಿ ಗೊತ್ತಾಗಲಿಲ್ಲ. ಪಿನ್ನು ಹಾಕಿ ತೆಗೆದೆ, ಮುಗೀತು.

ಅಪ್ಪ ದಿನಾ ಕೇಳುತ್ತಾರೆ, "ಮಷಿನ್ ಚಾಲೂ ಆತೇನಪಾ?" ಇನ್ನೂ ಇಲ್ಲ ಅನ್ನುತ್ತೇನೆ. ಅವರಿಗೆ ಆಲಮಟ್ಟಿ ಡ್ಯಾಮಿನ ಹಿನ್ನೀರಲ್ಲಿ ಮುಳುಗಿದ ನಮ್ಮ ಹೊಲ ಇದ್ದ ಜಾಗಕ್ಕೆ ಹೋಗಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲಿನವರ ಹೊಲಗಳಾದರೂ ಕಾಣುತ್ತವೆ, ಘಟಪ್ರಭೆಯ ದಂಡೆಗೇ ಇದ್ದ ನಮ್ಮದು ಏಳುವುದೇ ಇಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಪೂರಾ ಓದಿ, ಮಡಚಿ, ಗಾದಿ ಕೆಳಗೆ ಇಡುತ್ತಾರೆ. ಗುಡ್ಡ ನೋಡಿ ಗುರುತು ಹಿಡಿದು ಇಲ್ಲೇ ನಿಲ್ಲಿಸು ಅಂತ ಅವರೇ ಹೇಳುತ್ತಾರೆ, ನನಗೆ ಗೊತ್ತು. ಆಮೇಲೆ? ಸುತ್ತ ಬರೀ ನೀರು. ಅಪ್ಪ ಅತ್ತದ್ದನ್ನು ನಾನು ಇವತ್ತಿನವರೆಗೂ ನೋಡಿಲ್ಲ ದೋಸ್ತ. ನೋಡುವ ಧೈರ್ಯ ನನಗಿಲ್ಲ.

ಸಾಕು ಬಿಡು, ಇಷ್ಟೆಲ್ಲ ಬರೆಯುವ ವಿಚಾರ ಇರಲಿಲ್ಲ. ನೀನು ಬಾ. ನೀನಿದ್ದರೆ ಅಪ್ಪ ಜಾಸ್ತಿ ಮಾತಾಡುತ್ತಾರೆ. ನಿನ್ನ ಸೈಜಿನ ಲೈಫ್ ಜಾಕೆಟ್ ಕೂಡ ತಂದಿಟ್ಟಿದ್ದೇನೆ. ಬರುವಾಗ ಬೆಳಗಾವಿ ಕುಂದಾ ತಾ, ಹೋದ ಸಲದಂತೆ ಖಾಲಿ ಡಬ್ಬಿ ಬೇಡ.